ಮೇವಿನ ಹೊತ್ತು

ಮಾನ್ವಿಯ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ೧೯೭೬ರಲ್ಲಿ. ಮಾವನವರದು ಅಕ್ಕಿ ಗಿರಣಿ, ಹಿತ್ತಲಲ್ಲಿ ಆರು ಆಕಳು. ಮನೆ ನಡೆಯುವುದು ಅತ್ತೆ ವೀರಭದ್ರಮ್ಮನ ಮಾತಿನ ಮೇಲೆ ಎಂದು ಊರೆಲ್ಲ ಹೇಳುತ್ತಿತ್ತು. ಆಕಳುಗಳು ಮಾತ್ರ ಬೂದೆಪ್ಪನೊಬ್ಬನ ಮಾತು ಕೇಳುತ್ತಿದ್ದವು.

ಬೂದೆಪ್ಪ ಗಬ್ಬೂರಿನ ದನಗಾಹಿ ಮನೆತನದವನು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಅವನ ವಾಸ, ಊಟ ನಮ್ಮ ಮನೆಯಲ್ಲಿ. ಸೂರ್ಯ ಹುಟ್ಟುವ ಮುಂಚೆ ಜೋಳದ ಸೊಪ್ಪೆ, ಹಾಲು ಕರೆದ ಮೇಲೆ ತೌಡು, ಮಧ್ಯಾಹ್ನ ನೀರು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಸೊಪ್ಪೆ. ಇದರಲ್ಲಿ ಒಂದು ಗಳಿಗೆಯೂ ಆಚೀಚೆ ಆಗುತ್ತಿರಲಿಲ್ಲ. ಒಮ್ಮೆ ಅವನು ಜ್ವರದಿಂದ ಮಲಗಿ ಮೇವು ತಡವಾಯಿತು. ದೊಡ್ಡ ಆಕಳು ಬಡಕಲು ಕಡಸನ್ನು ಹಾಯ್ದು ಗೋದಲಿಯಿಂದ ದೂರ ತಳ್ಳಿತು. ಕೆಂದಿ ಎಂಬ ಬಂಗಾರದಂಥ ಆಕಳು ಒದ್ದು, ಹಾಲು ಕೊಡದೆ ಏರಿಸಿಕೊಂಡಿತು.

“ಹಸಿವಿಗಲ್ರಿ ಅದು,” ಎಂದ ಬೂದೆಪ್ಪ. “ಬರ್ತದೋ ಇಲ್ಲೋ ಅನ್ನೂ ದಿಗಿಲಿಗೆ.”

ಏಳನೇ ಇಯತ್ತೆ ಓದಿದ ನಾನು ಆಗ ನಕ್ಕೆ. ಆಕಳಿಗೂ ದಿಗಿಲೇ ಎಂದುಕೊಂಡೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎಪ್ಪತ್ತೊಂಬತ್ತರ ಶಿವರಾತ್ರಿ ಬಂತು. ಮನೆಯವರೆಲ್ಲ ಉಪವಾಸ. ಆಕಳುಗಳೂ ಮನೆಯ ಮಕ್ಕಳೇ, ಅವಕ್ಕೂ ಪುಣ್ಯ ಬರಲಿ ಎಂದು ಅತ್ತೆ ಅವತ್ತು ಮೇವು ಹಾಕಬಾರದೆಂದರು.

“ದನಕ್ಕ ಉಪಾಸ ಹಚ್ಚಬ್ಯಾಡ್ರಿ ಯವ್ವಾ. ಅವು ಹೊತ್ತು ಕಾಯ್ತಾವ,” ಎಂದ ಬೂದೆಪ್ಪ.

“ಒಂದಿನ ಶಿವನ ಹೆಸರಿಲೆ ಇದ್ರ ಏನೂ ಆಗಂಗಿಲ್ಲ. ನೀ ಸುಮ್ಕಿರು.”

ಅವನು ಕೈಯಲ್ಲಿದ್ದ ಸೊಪ್ಪೆ ಕೆಳಗಿಟ್ಟ. ದಿನವಿಡೀ ಆಕಳುಗಳು ಬಾಗಿಲ ಕಡೆ ಮುಖ ಮಾಡಿ ಕೂಗಿದವು. ಮರುದಿನ ಬೆಳಗ್ಗೆ ಅತ್ತೆ ಮಡಿಯುಟ್ಟು, ಪಾರಣೆ ಮೊದಲು ಕೆಂದಿಗೇ ಆಗಲಿ ಎಂದು ಒಂದು ಬುಟ್ಟಿ ಬೇಯಿಸಿದ ಜೋಳದ ನುಚ್ಚನ್ನು ತಾವೇ ಸುರಿದರು. ಬೂದೆಪ್ಪ ಸೊಪ್ಪೆಯ ಹೊರೆ ಹೊತ್ತು ಬರುವಷ್ಟರಲ್ಲಿ ಗೋದಲಿ ಬರಿದಾಗಿತ್ತು. ಯಾರು ಹಾಕಿದ್ದೆಂದು ನನ್ನನ್ನು ಕೇಳಿದ. ನಾನು ಅತ್ತೆಯ ಕಡೆ ನೋಡಿದೆ. ಅವನು ಹೊರೆಯನ್ನು ನೆಲಕ್ಕೆ ಹಾಕಿ ಕೆಂದಿಯ ಹೊಟ್ಟೆ ತಿಕ್ಕತೊಡಗಿದ.

ಎರಡನೆಯ ದಿನ ಕೆಂದಿ ಸತ್ತಿತು. ಹಸಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಕಾಳು ಬಿದ್ದದ್ದೇ ಕಾರಣ ಎಂದ ದನದ ಡಾಕ್ಟರು, ಹಾಕಿದವರು ಯಾರೆಂದು ಕೇಳಿದರು. ಅಂಗಳದಲ್ಲಿ ನಾಲ್ಕು ಮಂದಿ ನೆರೆದಿದ್ದರು.

“ದನದ ಉಸಾಬರಿ ಎಲ್ಲಾ ಬೂದೆಪ್ಪಂದು,” ಎಂದರು ಅತ್ತೆ.

ನನಗೆ ನಿಜ ಗೊತ್ತಿತ್ತು. ಬಾಯಿ ಬಿಡಲಿಲ್ಲ. ದನಗಾಹಿಗೆ ದನ ಕೊಂದವನೆಂಬ ಹೆಸರು ಬಂದರೆ ಇನ್ನೇನು ಉಳಿಯಿತು? ಬೂದೆಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಗಬ್ಬೂರಿನ ದಾರಿ ಹಿಡಿದ.

ಅವನ ಜಾಗಕ್ಕೆ ಬಂದವನಿಗೆ ಹೊತ್ತು ಗೊತ್ತಿನ ಗೊಡವೆಯೇ ಇರಲಿಲ್ಲ, ನೆನಪಾದಾಗ ಮೇವು. ಉಳಿದ ಐದೂ ಆಕಳು ಮೆಲುಕು ಹಾಕುವುದು ಬಿಟ್ಟು ನಿಂತೇ ಕೂಗುತ್ತಿದ್ದವು. ಹಾಲು ಅರ್ಧಕ್ಕಿಳಿಯಿತು. ಬೇರೆಯವರ ಮಾತಿಗೆ ಜಗ್ಗದ ಅತ್ತೆಗೆ ಆ ಕೂಗು ಮಾತ್ರ ಸಹಿಸಲಾಗಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ನನ್ನನ್ನು ಕರೆದುಕೊಂಡು ಗಬ್ಬೂರಿಗೆ ಹೊರಟರು.

ಬೂದೆಪ್ಪನ ಮನೆಯ ಮುಂದೆ, ಓಣಿಯ ಮಂದಿ ನೋಡುತ್ತಿರುವಂತೆಯೇ, ಅತ್ತೆ ನಿಂತು ಹೇಳಿದರು: “ಕೆಂದಿನ್ನ ಕೊಂದಾಕಿ ನಾನು. ಸುಳ್ಳು ಹೇಳಿ ನಿನ್ನ ಮ್ಯಾಲ ಹಾಕೀನಿ. ಬಾರಪ್ಪ.”

ಅವನು ಅತ್ತೆಯ ಮುಖವನ್ನೇ ನೋಡಿದ. ಆಮೇಲೆ, “ಮುಂಜಾನಿ ಅವಕ್ಕ ಮೇವು ಹಾಕಿ ಬಂದೀರೇನು?” ಎಂದ.

ಬಸ್ಸು ತಪ್ಪೀತೆಂದು ಹಾಗೇ ಬಂದಿದ್ದೆವು. ಅವನು ಒಳಗೆ ಹೋಗಿ ಕಂಬಳಿ ತಂದ.

ಮತ್ತೆ ಹನ್ನೊಂದು ವರ್ಷ ನಮ್ಮ ಆಕಳುಗಳಿಗೆ ಹೊತ್ತಿಗೆ ಸರಿಯಾಗಿ ಮೇವು ಬಿತ್ತು. ಬೂದೆಪ್ಪ ಮಾತ್ರ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ. ತನ್ನ ಕೋಣೆಯಲ್ಲಿ ತಾನೇ ರೊಟ್ಟಿ ಬಡಿದುಕೊಂಡು ತಿಂದ. ಅತ್ತೆ ಸಾಯುವವರೆಗೂ ದಿನವೂ ಮಧ್ಯಾಹ್ನ ಅವನಿಗೆಂದು ತಾಟು ಬಡಿಸಿ, ಅದು ಆರುವವರೆಗೂ ಎದುರಿಗೆ ಕುಳಿತಿರುತ್ತಿದ್ದರು.