ಏಳನೆಯ ದಿನ ದಾಟಿಸುವ ಸಣ್ಣತಾಯಮ್ಮ

ಗೆಜ್ಜಲಗೆರೆಯಲ್ಲಿ ಇನ್ನೂ ಕೋಳಿ ಕೂಗುತ್ತಿದೆ. ಸೂಲಗಿತ್ತಿ ಸಣ್ಣತಾಯಮ್ಮ ಅಂಕಮ್ಮನ ಮನೆಯ ಹಿತ್ತಿಲಲ್ಲಿ ನಿಂತು ಮೊಣಕೈವರೆಗೆ ಸೋಪು ಹಚ್ಚಿ ಕೈ ಉಜ್ಜುತ್ತಿದ್ದಾರೆ. ಉಜ್ಜುತ್ತಾರೆ, ಉಜ್ಜುತ್ತಾರೆ, ಮುಗಿಯುವುದೇ ಇಲ್ಲ! ಒಳಗೆ ಅಂಕಮ್ಮನ ಕೂಸಿಗೆ ಇಂದು ಏಳನೆಯ ದಿನ. ಇದಕ್ಕೆ ಮೊದಲು ಹುಟ್ಟಿದ ಎರಡೂ ಕೂಸುಗಳು ಏಳನೆಯ ದಿನವೇ ದವಡೆ ಕಚ್ಚಿಕೊಂಡು, ಹಾಲು ಬಿಟ್ಟು, ಸೆಟೆದು ಹೋಗಿವೆ. ಊರಿನವರು ಗ್ರಹಚಾರ ಎನ್ನುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೆ ಸಣ್ಣತಾಯಮ್ಮ ಹೇಳುವುದೇ ಬೇರೆ.

"ಗ್ರಹನೂ ಅಲ್ಲ, ಗಾಳಿನೂ ಅಲ್ಲ ಕಣಪ್ಪ. ಒಕ್ಕಳಬಳ್ಳಿ ಕುಯ್ಯೋ ಕುಡ್ಲಲ್ಲಿತ್ತು ಮಾರಿ. ಮ್ಯಾಲೆ ಸಗಣಿ ಬೂದಿ ಬ್ಯಾರೆ ಮೆತ್ತುತಿದ್ದೊ. ನಾನೂ ಮೆತ್ತಿವ್ನಿ, ಸುಳ್ಯಾಕೆ ಏಳ್ಲಿ?"

ಎಂಥ ಗಟ್ಟಿ ಎದೆ! ತನ್ನ ತಪ್ಪನ್ನು ಹೀಗೆ ಬಾಯಿಬಿಟ್ಟು ಹೇಳುವ ವೈದ್ಯರನ್ನು ನಾನು ಪಟ್ಟಣದಲ್ಲೂ ಕಂಡಿಲ್ಲ.

ಇಪ್ಪತ್ತನಾಲ್ಕು ವರ್ಷದಿಂದ ಹೆರಿಗೆ ಮಾಡಿಸುತ್ತಿರುವ ಇವರಿಗೆ ಓದುಬರಹ ಬಾರದು. ಹೋದ ವರ್ಷ, ಮಹಾಯುದ್ಧ ಮುಗಿದ ಹೊಸತರಲ್ಲಿ, ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದವರು ನರ್ಸು, ಕಾಂಪೌಂಡರುಗಳಿಗೆ ಮೂರು ವಾರದ ತರಬೇತಿ ಇಟ್ಟರು. ಜೊತೆಗೆ ಆರು ಜನ ಸೂಲಗಿತ್ತಿಯರನ್ನೂ ಕರೆದರು. ಮದ್ದೂರಿನಲ್ಲಿ ರೈಲು ಹತ್ತುವಾಗ ಓರಗಿತ್ತಿ "ಈ ಮುದ್ಕಿಗೆ ಇಸ್ಕೂಲೊಂದು ಕೇಡು!" ಎಂದು ನಕ್ಕಳಂತೆ. ಬೆಳಿಗ್ಗೆ ಏಳಕ್ಕೆ ಕೂತರೆ ದೀಪ ಹಚ್ಚುವವರೆಗೆ ಪಾಠ. ಕಡೆಯ ದಿನ ಪರೀಕ್ಷೆ. ಗೆದ್ದರೆ ಕತ್ತರಿ, ದಾರ, ಹತ್ತಿ ತುಂಬಿದ ತಗಡಿನ ಪೆಟ್ಟಿಗೆ, ಸೋತರೆ ಬರಿಗೈ.

ಅಲ್ಲೇ ಎಡವಟ್ಟು! ಸಣ್ಣತಾಯಮ್ಮ ಕತ್ತರಿಯನ್ನು ಇಪ್ಪತ್ತು ನಿಮಿಷ ಕುದಿಸುತ್ತಾರೆ, ಜೋಪಾನವಾಗಿ ಎತ್ತುತ್ತಾರೆ, ಎತ್ತಿದವರೇ ಸೆರಗಿನಲ್ಲಿ ಒರೆಸಿಬಿಡುತ್ತಾರೆ. ಲೋಟ, ಬೆವರು, ಮಕ್ಕಳ ಮೂಗು ಎಲ್ಲಕ್ಕೂ ಅದೇ ಸೆರಗು. ರೂಢಿಬಿದ್ದ ಕೈ ಸುಮ್ಮನಿದ್ದೀತೇ? ಹತ್ತೊಂಬತ್ತನೆಯ ದಿನವೂ ಒರೆಸಿದರು. ಪಾಠ ಹೇಳುತ್ತಿದ್ದ ಡಾಕ್ಟರು ಯಶೋದಮ್ಮ ತಲೆ ಚಚ್ಚಿಕೊಂಡರಂತೆ.

"ಉಣ್ಣಕ್ ಕುಂತ್ರೂ ಅದೇ ಯೋಚ್ನೆ. ಮಾರ್ನೆ ದಿನ ಎದ್ದೋಳೇ ಸೆರಗ್ನ ಬೆನ್ನಿಂದಕ್ ಬಿಗ್ದು ಗಂಟಾಕ್ದೆ. ಕೈ ಉಡುಕ್ತು, ಸೆರಗೇ ಸಿಕ್ನಿಲ್ಲ! ಡಾಕ್ಟ್ರಮ್ಮ ಓಡ್ಬಂದು ತಬ್ಕೊಂಡ್ಬುಟ್ರು."

ಪರೀಕ್ಷೆಯ ದಿನ ಉಳಿದ ಐವರೂ ಹಾಗೆಯೇ ಗಂಟು ಹಾಕಿಕೊಂಡು ಬಂದರು. ಆರೂ ಜನ ಗೆದ್ದರು!

ಅಲ್ಲಿಂದ ಬಂದ ಮೇಲೆ ಸಣ್ಣತಾಯಮ್ಮ ಮೂವತ್ತೊಂದು ಹೆರಿಗೆ ಮಾಡಿಸಿದ್ದಾರೆ. ಮೂವತ್ತು ಕೂಸುಗಳು ಏಳನೆಯ ದಿನ ದಾಟಿವೆ. ಮೂವತ್ತೊಂದನೆಯದು ಒಳಗಿದೆ. ಕೈ ತೊಳೆದ ಸಣ್ಣತಾಯಮ್ಮನ ಹಿಂದೆ ನಾನೂ ಒಳಗೆ ಹೋಗುತ್ತೇನೆ.

"ರಾತ್ರಿಯಿಂದ ಬಾಯೇ ಬುಟ್ಟಿಲ್ಲ ಕಣಕ್ಕಾ," ಎಂದು ಅಂಕಮ್ಮ ಅಳುತ್ತಾಳೆ. ಸಣ್ಣತಾಯಮ್ಮ ಕೂಸಿನ ಪಕ್ಕ ಕೂರುತ್ತಾರೆ. ತೊಳೆದ ಕಿರುಬೆರಳನ್ನು ಕೂಸಿನ ತುಟಿಗೆ ತಾಗಿಸುತ್ತಾರೆ. ಒಂದು ಸಲ, ಎರಡು ಸಲ. ಕೂಸು ಮೂತಿ ಸಿಂಡರಿಸುತ್ತದೆ, ಆಮೇಲೆ ಗಬಕ್ಕನೆ ಬೆರಳು ಹಿಡಿಯುತ್ತದೆ.

"ಎಳೀತಾ ಅದೆ ಕಣಮ್ಮೀ! ಕರ ಎಳ್ದಂಗೆ ಎಳೀತಾ ಅದೆ! ನಿದ್ದೆ ಗುಂಗಲ್ಲಿತ್ತು ಕಳ್ ಮುಂಡೇದು. ಎತ್ಕೊ, ಆಲ್ ಕುಡ್ಸು!"

ಅಂಕಮ್ಮ ಅಳುತ್ತಲೇ ನಗುತ್ತಾಳೆ. ನಾನೂ ಕಣ್ಣೊರೆಸಿಕೊಳ್ಳುತ್ತೇನೆ, ನಾಚಿಕೆಯೇನಿಲ್ಲ.

ನಿಮಗೇನು ಬೇಕೆಂದು ಬರೆಯಲಿ ಎಂದು ಹೊರಗೆ ಬಂದು ಕೇಳುತ್ತೇನೆ.

"ಆ ಇಸ್ಕೂಲ್ಗೆ ಆರ್ ಜನ ಯಾತಕ್ಕೂ ಸಾಲ್ದು, ಅರ್ವತ್ ಜನುನ್ನ ಕರೀರಿ ಅಂತ ಬರಿ," ಎಂದವರು ಜಗಲಿಯ ಮೇಲೆ ಕೂರುತ್ತಾರೆ. "ನನ್ನ ಎಲ್ಡು ಕೂಸೂ ಏಳ್ನೇ ದಿನ್ವೇ ಓದೊ. ಎರ್ಗೆ ಮಾಡ್ಸಿ ಕೂಸ್ ಇಡ್ದೋಳು ನಮ್ಮತ್ತೆ. ಒಳ್ಳೆ ಕೈ ಕಣಪ್ಪ ಅವುಳ್ದು. ಅವುಳ್ಗೆ ಏಳ್ಕೊಡೋರೇ ಇರ್ನಿಲ್ಲ."