ಹಾಲಿಲ್ಲದ ಹಾಲಿನ ಲಕಡಿ ಮಿಠಾಯಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದು ಅರ್ಧಕ್ಕೆ ಬಿಟ್ಟಿದ್ದರಿಂದ ಪದಗಳೂ ಅಷ್ಟಕ್ಕಷ್ಟೆ. ಆದರೂ ಒಂದೊಂದು ಸಾಲನ್ನೂ ಎರಡೆರಡು ಸಲ ನೋಡಿ ಬರೆದಿದ್ದೇನೆ. ಫೂಲ್‌ಕುವಾರಿ ಚಿಕ್ಕಮ್ಮನ ವಿಷಯದಲ್ಲಿ ಇನ್ನೊಂದು ತಪ್ಪು ಬರಹ ಬೇಡ. ಒಂದು ಆಗಲೇ ಅವಳ ಮನೆ ಮುಂದೆಯೇ ನೇತಾಡುತ್ತಿತ್ತು.

ಅದು ತಗಡಿನ ಬೋರ್ಡು. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಅಪ್ಪಟ ಹಾಲಿನ ಲಕಡಿ ಮಿಠಾಯಿ’ ಎಂದು ಬರೆದಿತ್ತು. ಮೈದಾವನ್ನು ಗಟ್ಟಿಯಾಗಿ ಕಲಸಿ, ಬೆರಳುದ್ದ ಕಡ್ಡಿ ಕತ್ತರಿಸಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ ಒಣಗಿಸಿದರೆ ಲಕಡಿ ಮಿಠಾಯಿ. ಶಂಕರಪೋಳಿಗೆ ದೂರದ ನೆಂಟ. ನಮ್ಮ ತವುವಾ ಪೇಟೆಯ ಜನ ಬೇಕಿದ್ದರೆ ಮದುಮಗನಿಲ್ಲದೆ ಮದುವೆ ಮಾಡಿಯಾರು, ಚಿಕ್ಕಮ್ಮನ ಲಕಡಿ ಮಿಠಾಯಿ ಇಲ್ಲದೆ ಮಾಡಲಾರರು.

ಅದರಲ್ಲಿ ಹಾಲಿನ ಒಂದು ಹನಿಯೂ ಇರಲಿಲ್ಲ.

ಮೊದಲು ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಚಂಡಮಾರುತ ಹೊಡೆದು ಫಿಜಿಯ ಈ ಕಡೆಯ ಅಂಗಡಿಗಳಲ್ಲೆಲ್ಲ ಹಾಲಿನ ಪುಡಿ ಮಾಯವಾಯಿತು. ಆಗಲೇ ಒಂದು ಮದುವೆಗೆ ಒಪ್ಪಿಕೊಂಡಾಗಿತ್ತು. ಚಿಕ್ಕಮ್ಮ ಮಾರ್ಗರಿನ್ ಎನ್ನುವ ಎಣ್ಣೆಯ ಬೆಣ್ಣೆ, ಕಸ್ಟರ್ಡ್ ಪುಡಿ, ಶುಂಠಿ, ಜೊತೆಗೆ ಎರಡು ಹಿಡಿ ಏಲಕ್ಕಿ ಪುಡಿ ಹಾಕಿ ಹೇಗೋ ಮರ್ಯಾದೆ ಉಳಿಸಿಕೊಂಡಳು. ಮದುವೆಯಲ್ಲಿ ಹೆಂಗಸರು ಬೆರಳು ಚೀಪುತ್ತ, “ಈ ಸಲ ಹಾಲು ಜಾಸ್ತಿ ಹಾಕಿದೀಯಲ್ಲ, ಫೂಲ್‌ಕುವಾರಿ?” ಎಂದರು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನಕ್ಕಳು. ಆ ನಗು ಇಪ್ಪತ್ತೆರಡು ವರ್ಷ ಬಾಳಿತು.

ಅದಕ್ಕೆ ಕುತ್ತು ತಂದದ್ದು ಬೀಗಿತ್ತಿ. ಚಿಕ್ಕಮ್ಮನ ಮಗಳು ಪ್ರಮೀಳಳ ಅತ್ತೆ ಸೂರಜ್‌ಮತಿ ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾಳೆ. ಮಗಳ ಮದುವೆಯ ದಿನ ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ “ಪಾಪ, ಹಳ್ಳಿ ಜನ” ಎಂದಿದ್ದ ಬಾಯಿ ಅದು. ಈ ಸಲ ದೀಪಾವಳಿಗೆ ಬಂದವಳು ಒಂದು ತಟ್ಟೆ ಖಾಲಿ ಮಾಡಿ, “ನನ್ನ ಅಂಗಡೀಲಿ ಇಡ್ತೀನಿ. ನಲವತ್ತು ಪೆಟ್ಟಿಗೆ ಕಳ್ಸಿ” ಎಂದಳು. ಅವತ್ತು ಚಿಕ್ಕಮ್ಮ ನಡೆದಾಡಿದ್ದು ನೋಡಬೇಕಿತ್ತು. ಕಾಲು ನೆಲಕ್ಕೆ ತಾಗಿದ್ದು ಅನುಮಾನ.

ಒಂದು ವಾರದಲ್ಲಿ ಅವಳಿಂದ ಫೋನಿಗೆ, ತಿಂಡಿಯನ್ನು ಆಸ್ಟ್ರೇಲಿಯಾದೊಳಗೆ ಬಿಡಲು ಬೇಕಾದ ಹನ್ನೊಂದು ಪುಟದ ಅರ್ಜಿ ಬಂತು. ಏನೇನು ಹಾಕಿದ್ದೀರಿ, ಎಷ್ಟೆಷ್ಟು ಗ್ರಾಂ, ಎಲ್ಲ ಬರೆಯಬೇಕು. ಹಾಲಿದ್ದರೆ ಅದು ಯಾವ ದೇಶದ್ದು, ಯಾವ ಕಾರ್ಖಾನೆಯದು ಎನ್ನುವುದಕ್ಕೆ ಸರ್ಟಿಫಿಕೇಟ್ ಬೇಕು. ಏನೇನಿದೆ ಎನ್ನುವ ಪಟ್ಟಿಯನ್ನೇ ಚೀಟಿಯಾಗಿ ಅಚ್ಚು ಹಾಕಿಸಿ ಪೊಟ್ಟಣಕ್ಕೂ ಅಂಟಿಸಬೇಕು. ಸುಳ್ಳು ಬರೆದು ಸಿಕ್ಕಿಬಿದ್ದರೆ ಸರಕೆಲ್ಲ ಬಂದರಿನಲ್ಲೇ ನಾಶ. ನಾನು ಗಟ್ಟಿಯಾಗಿ ಓದಿ, ಪೆನ್ನು ಹಿಡಿದು ಕೇಳಿದೆ:

“ಚಿಕ್ಕಮ್ಮಾ, ಹಾಲಿನ ಪುಡಿ ಎಷ್ಟು ಗ್ರಾಂ?”

ಅವಳು ಹಿಟ್ಟು ನಾದುತ್ತಲೇ ಇದ್ದಳು. ಜಗಲಿಯ ಚಾಪೆಯ ಮೇಲೆ ಮತ್ತು ಬರಿಸುವ ಯಂಗೋನಾ ಬೇರಿನ ನೀರು ಕುಡಿಯುತ್ತ ಕೂತಿದ್ದ ಚಿಕ್ಕಪ್ಪ ದೇವ್‌ನಾರಾಯಣ ಕರಟದ ಬಟ್ಟಲು ಕೆಳಗಿಟ್ಟ.

“ದೇವರು ಎಷ್ಟು ಗ್ರಾಂ ಅಂತ ಕೇಳಮ್ಮ. ಈ ಮನೇಲಿ ಎರಡನ್ನೂ ಯಾರೂ ಕಂಡಿಲ್ಲ.”

“ರೀ, ಬಾಯಿ ಮುಚ್ಕೊಂಡು ಕುಡೀರಿ.”

“ಬಾಯಿ ಮುಚ್ಕೊಂಡು ಹೆಂಗೆ ಕುಡೀಲೇ, ಪ್ರಮೀಳನ ಅವ್ವಾ? ಹಾಲಿದ್ದಿದ್ರೆ ನನ್ನ ಚಹಾ ಇಷ್ಟು ವರ್ಷ ಯಾಕೆ ಕಪ್ಪಗಿರ್ತಿತ್ತು?”

ನನಗೆ ವಿಷಯ ಗೊತ್ತಾದದ್ದು ಹೀಗೆ. ಪುಡಿಗಳನ್ನು ಬೆರೆಸುವಾಗ ಅವಳು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ, ನನ್ನದು ಪೊಟ್ಟಣ ಕಟ್ಟುವ ಕೆಲಸ ಮಾತ್ರ. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡಳು. ನಿಜ ಬರೆದರೆ ಸಿಡ್ನಿಯಲ್ಲಿರುವ ತವುವಾದವರೆಲ್ಲ ಪೊಟ್ಟಣ ತಿರುಗಿಸಿ ಓದುತ್ತಾರೆ, ಎಲ್ಲರಿಗಿಂತ ಮೊದಲು ಬೀಗಿತ್ತಿ ಓದುತ್ತಾಳೆ. ಸುಳ್ಳು ಬರೆದರೆ ಸರಕು ಬೂದಿ.

“ಅದಕ್ಕೇನಂತೆ? ಹಾಲು ಹಾಕಿಬಿಟ್ರಾಯ್ತು” ಎಂದಳು.

ಹಾಕಿದಳು. ಅಂಗಡಿಯಿಂದ ಹಾಲಿನ ಪುಡಿ ತಂದವಳು ನಾನೇ. ಇದು ಎಲ್ಲಿಂದ ಬಂದಿದ್ದು ಎಂದು ಕೇಳಿದ್ದಕ್ಕೆ ಅಂಗಡಿಯವನು “ಗೋಣೀಚೀಲದಿಂದ” ಎಂದ. ಸರ್ಟಿಫಿಕೇಟಿನ ಕತೆ ಅಲ್ಲಿಗೇ ಮುಗಿಯಿತು. ಕಡ್ಡಿಗಳದ್ದು ಇನ್ನೂ ದೊಡ್ಡ ಗೋಳು, ಹಾಲಿನ ಹದ ಚಿಕ್ಕಮ್ಮನ ಕೈಗೆ ಮರೆತೇ ಹೋಗಿತ್ತು. ಎಣ್ಣೆಗೆ ಬಿಟ್ಟ ತಕ್ಷಣ ಕಪ್ಪಾದವು, ನಾಲ್ಕನೆಯ ದಿನಕ್ಕೆ ಪೊಟ್ಟಣದೊಳಗೇ ಮೆತ್ತಗಾದವು. ಚಿಕ್ಕಮ್ಮ ಒಂದನ್ನು ಎತ್ತಿ ಹಿಡಿದಳು. ಅದು ಬಾಗಿತು. ಬಾಯಿಗೆ ಹಾಕಿಕೊಂಡಳು, ಮುಖ ಕೆಂಪಾಯಿತು.

“ಥೂ! ಇದು ನಂದಲ್ಲ. ಯಾವಳೋ ಕೈಲಾಗದವಳು ಮಾಡಿದ ಹಾಗಿದೆ.”

“ಅಪ್ಪಟ ಹಾಲಿಂದು ಕಣೇ” ಎಂದ ಚಿಕ್ಕಪ್ಪ.

“ಹಾಲಿಗೆ ಬೆಂಕಿ ಬಿತ್ತು! ನನ್ನ ಕಡ್ಡಿ ಮೂರು ತಿಂಗಳಿಟ್ರೂ ಟಕ್ ಅಂತ ಮುರಿಯತ್ತೆ. ಅದನ್ನ ಮಾಡೋಕೆ ನಾನು ಎಷ್ಟು ಸಲ ಕೈ ಸುಟ್ಕೊಂಡಿದೀನಿ, ಯಾವ ಹಸು ಸುಟ್ಕೊಂಡಿದೆ?” ನನ್ನ ಕಡೆ ತಿರುಗಿದಳು. “ಬರಿಯೇ. ಇದ್ದದ್ದನ್ನೇ ಬರಿ.”

ಬರೆದೆ. ಮೈದಾ, ಸಕ್ಕರೆ, ಎಣ್ಣೆ, ಮಾರ್ಗರಿನ್, ಕಸ್ಟರ್ಡ್ ಪುಡಿ, ಶುಂಠಿ, ಏಲಕ್ಕಿ. ಹಿಡಿ ಲೆಕ್ಕವನ್ನೆಲ್ಲ ತಕ್ಕಡಿಗೆ ಹಾಕಿ ಗ್ರಾಂ ಮಾಡಿದೆ. ಮಾರ್ಗರಿನ್ ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಿದೆ, ಅದರಲ್ಲೂ ಹಾಲಿರಲಿಲ್ಲ. ಚೀಟಿಯ ಫೋಟೋ ತೆಗೆದು ಸಿಡ್ನಿಗೆ ಕಳಿಸಿದೆವು. ಎರಡು ದಿನ ಆ ಕಡೆಯಿಂದ ಸದ್ದೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಕುರ್ಚಿ ಹತ್ತಿ, ಬೋರ್ಡಿನ ‘ಹಾಲಿನ’ ಎನ್ನುವುದರ ಮೇಲೆ ಬಿಳಿ ಬಣ್ಣ ಬಳಿದಳು. ಎದುರುಮನೆ ಜಾನಕಿ ಬೇಲಿಗೇ ಬಂದು ನಿಂತಳು.

“ಏನಕ್ಕಾ, ಹಾಲು ಉಕ್ಕಿ ಹೋಯ್ತಾ?”

“ಇಲ್ಲ ಕಣೇ, ಒಲೆ ಮೇಲೆ ಇಟ್ಟೇ ಇರ್ಲಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಪೇಟೆಗೆಲ್ಲ ಗೊತ್ತಾಗಿತ್ತು. ಸಂಜೆ ಇಬ್ಬರು ಬಂದು ಮದುವೆಯ ಆರ್ಡರ್ ವಾಪಸು ತೆಗೆದುಕೊಂಡರು. ಅವರಲ್ಲೊಬ್ಬಳು ಮಾತಾಡುತ್ತಲೇ ತಟ್ಟೆಯಿಂದ ಆರು ಕಡ್ಡಿ ತಿಂದಳು. ನಾನು ಎಣಿಸಿದ್ದೇನೆ.

ಅವರು ಗೇಟು ದಾಟುವಷ್ಟರಲ್ಲಿ ಫೋನ್ ಬಂತು.

“ಬೀಗಿತ್ತೀ, ಹಾಲು ಎಲ್ಲಿ?”

“ಹಸು ಹತ್ರಾನೇ ಇದೆ, ಬೀಗಿತ್ತೀ.”

“ತಮಾಷೆನಾ? ಊರವರಿಗೆಲ್ಲ ಹಾಲಿನ ರುಚಿ, ಹಾಲಿನ ರುಚಿ ಅಂತ ಹೇಳ್ಕೊಂಡು ತಿರುಗಿದೀನಿ ನಾನು. ಈಗ ನನ್ನ ಮುಖ ಎಲ್ಲಿಡ್ಲಿ?”

“ಇದ್ದಲ್ಲೇ ಇಡಿ, ಚೆನ್ನಾಗೇ ಇದೆ. ಬೋರ್ಡು ಸುಳ್ಳು ಹೇಳಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ನಿಮ್ಮ ನಾಲಿಗೆಗೆ ಸುಳ್ಳು ಹೇಳು ಅಂತ ನಾನು ಹೇಳ್ಕೊಟ್ಟಿರ್ಲಿಲ್ಲ.”

ಚಿಕ್ಕಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಚಿಕ್ಕಪ್ಪ ಕೂಡ ಕುಡಿಯುವುದನ್ನು ನಿಲ್ಲಿಸಿದ್ದ.

“ನಲವತ್ತು ಆಗಲ್ಲ” ಎಂದಳು ಸೂರಜ್‌ಮತಿ ಕೊನೆಗೆ. “ಹತ್ತು ಕಳ್ಸಿ. ಖರ್ಚಾದ್ರೆ ಮುಂದೆ ನೋಡೋಣ. ಚೀಟಿ ಮಾತ್ರ ಹಾಗೇ ಇರ್ಲಿ, ಅದ್ರಲ್ಲಿ ಒಂದಕ್ಷರಾನೂ ಮುಟ್ಬೇಡಿ.”

ಚಿಕ್ಕಮ್ಮ ಫೋನ್ ಇಟ್ಟಳು. ಆಮೇಲೆ ಮೈದಾ ಚೀಲದ ಬಾಯಿ ಬಿಚ್ಚಿದಳು.

“ಮೂವತ್ತು ಪೆಟ್ಟಿಗೆ ಹೋಯ್ತಲ್ಲೇ” ಎಂದ ಚಿಕ್ಕಪ್ಪ.

“ಹೋಗ್ಲಿ. ಇವು ಹತ್ತು ನನ್ನವು.”

ಹತ್ತು ಪೆಟ್ಟಿಗೆಗೆ ಇನ್ನೂರ ನಲವತ್ತು ಪೊಟ್ಟಣ. ಚೀಟಿಗಳು ಅಚ್ಚಾಗಿ ಬಂದಿವೆ. ನಾಳೆ ಬೆಳಿಗ್ಗೆ ಕೂತು ಅವನ್ನು ಒಂದೊಂದಾಗಿ, ಸೊಟ್ಟಗಾಗದ ಹಾಗೆ ಅಂಟಿಸುತ್ತೇನೆ.