ಎತ್ತಿ ಕುಡಿದ ವೈನು

ಕ್ಯಾಂಪ್‌ಬೆಲ್ಲಿನ ನಮ್ಮ ಕನ್ನಡ ಬಳಗಕ್ಕೆ ನಾನೇ ವೈನ್ ಪಂಡಿತ. ಈ ಪದವಿಗೆ ಬೇಕಾದ ವಿದ್ಯೆ ಹೆಚ್ಚೇನಲ್ಲ. ಗ್ಲಾಸನ್ನು ಗಿರಗಿರ ತಿರುಗಿಸಬೇಕು, ಅದರೊಳಗೆ ಮೂಗು ತೂರಿಸಬೇಕು, ಕಣ್ಣು ಮುಚ್ಚಿ "ಹ್ಞೂಂ, ಓಕ್ ಮರದ ವಾಸನೆ" ಅನ್ನಬೇಕು. ಓಕ್ ಮರವನ್ನು ನಾನು ಎಂದೂ ಮೂಸಿದವನಲ್ಲ. ಕೇಳುವವರೂ ಮೂಸಿಲ್ಲವಾದ್ದರಿಂದ ಇದುವರೆಗೆ ಬಚಾವು.

ಈ ಬೇಸಿಗೆಯಲ್ಲಿ ಪಾಂಡಿತ್ಯಕ್ಕೆ ಫ್ರಾನ್ಸಿನ ಮುದ್ರೆ ಒತ್ತಿಸಿಕೊಂಡು ಬರೋಣವೆಂದು ಹೊರಟೆ. ಸ್ಪೇನಿನ ಗಡಿಗೆ ಹತ್ತಿರದ ಹಳ್ಳಿ. ಕಲ್ಲಿನ ಮನೆಗಳು, ಪುರಾತನ ಚರ್ಚು, ಸುತ್ತ ದ್ರಾಕ್ಷಿತೋಟ. ಅಲ್ಲಿಯ ನೆಲಮಾಳಿಗೆಯಲ್ಲಿ ಗ್ಲಾಸು ಹಿಡಿದ ಒಂದು ಫೋಟೋ ಸಿಕ್ಕಿಬಿಟ್ಟರೆ ಫಾಸ್ಟರ್ ಸಿಟಿಯ ಗೆಳೆಯನ ಪಾರ್ಟಿಯಲ್ಲಿ ನನಗೆ ಎದುರಾಡುವವರೇ ಇರುವುದಿಲ್ಲ. ಅದಕ್ಕೆಂದೇ ಬಿಳಿ ಲಿನನ್ ಅಂಗಿ ಕೊಂಡಿದ್ದೆ. ಭಯವೊಂದೇ: ಹೆಂಡತಿಯ ಜೊತೆ, ಮಂಡ್ಯದಿಂದ ಬಂದಿದ್ದ ಅತ್ತೆಯೂ ಹೊರಟಿದ್ದರು. ಎಲ್ಲಿ ಮಾನ ಕಳೆಯುತ್ತಾರೋ!

ಕಳೆದರು. ತೋಟದ ಯಜಮಾನ, ದಪ್ಪ ಮೀಸೆಯ ಮುದುಕ, ನಮಗೆ ವೈನು, ಅತ್ತೆಗೆ ದ್ರಾಕ್ಷಿರಸ ಕೊಟ್ಟ. ಅತ್ತೆ ಗ್ಲಾಸನ್ನು ಮೇಲಕ್ಕೆತ್ತಿ, ತುಟಿ ಸೋಕಿಸದೆ, ಗಟಗಟ ಸುರಿದುಕೊಂಡರು.

"ಅತ್ತೆ, ಇಲ್ಲಿ ಹಂಗೆಲ್ಲ ಕುಡೀಬಾರ್ದು," ಎಂದು ಪಿಸುಗುಟ್ಟಿದೆ.

"ಯಾರ್ಯಾರು ಬಾಯಿಟ್ಟಿದ್ರೋ ಏನೋ, ಎಂಜ್ಲು ಕಣಪ್ಪ!" ಎಂದರು, ಪಿಸುಗುಟ್ಟದೆ.

ನಾಚಿಕೆಗೆ ಆ ನೆಲಮಾಳಿಗೆಯ ಕೆಳಗೆ ಇನ್ನೊಂದು ನೆಲಮಾಳಿಗೆ ಹುಡುಕಿದೆ. ಮುದುಕ ಮಾತ್ರ ಚಪ್ಪಾಳೆ ತಟ್ಟಿ ಒಳಗೆ ಓಡಿ, ಉದ್ದ ಮೂತಿಯ ಗಾಜಿನ ಗಿಂಡಿಯೊಂದರ ತುಂಬ ವೈನು ತಂದ. ಅದು ಅವನ ತಾತಂದಿರ ಕಾಲದ ಪದ್ಧತಿಯಂತೆ: ಗಿಂಡಿ ಕೈಯಿಂದ ಕೈಗೆ ಹೋಗಬೇಕು, ಯಾರ ತುಟಿಯೂ ತಾಗಕೂಡದು. ತೋಳು ಚಾಚಿ, ಒಂದು ಹನಿ ಚೆಲ್ಲದೆ ಕುಡಿದು ತೋರಿಸಿದ. ಆಮೇಲೆ ಅದನ್ನು ಪಂಡಿತನ ಕೈಗೆ ಕೊಟ್ಟ. ಹೆಂಡತಿ ಫೋನು ಹಿಡಿದು ನಿಂತಳು.

ಚಿಕ್ಕಂದಿನಲ್ಲಿ ನಾನೂ ಎತ್ತಿಯೇ ನೀರು ಕುಡಿದವನು. ಆದರೆ ಆಫೀಸಿನ ಮೀಟಿಂಗುಗಳಲ್ಲಿ ಬಾಟಲಿಯ ಕೊಳವೆ ಚೀಪಿ ಚೀಪಿ, ಬಾಯಿಗೆ 'ಆ' ಅನ್ನುವುದೇ ಮರೆತುಹೋಗಿತ್ತು. ಮೊದಲ ಧಾರೆ ಮೂಗಿಗೆ ಹೋಯಿತು, ಎರಡನೆಯದು ಕತ್ತಿಗೆ, ಉಳಿದದ್ದೆಲ್ಲ ಲಿನನ್ನಿಗೆ.

"ಅಳಿಯಂದ್ರೇ, ಮೊದ್ಲು ಬಾಯಿ ತೆಗೀರಿ!" ಎಂದು ಅತ್ತೆ ಕೂಗಿದರು. ಆ ಕ್ಷಣಕ್ಕೇ ಹೆಂಡತಿ ಫೋಟೋ ಕ್ಲಿಕ್ಕಿಸಿದಳು.

ಪಾರ್ಟಿಯಲ್ಲಿ ಹೆಂಡತಿ ಅದನ್ನು ಎಲ್ಲರಿಗೂ ತೋರಿಸಿದಳು. ಮಾನ ಹೋಯಿತೆಂದು ಕುಗ್ಗಿ ಕೂತಿದ್ದೆ; ಗೆಳೆಯರು ಫೋಟೋದಲ್ಲಿದ್ದ ಗಿಂಡಿಯನ್ನೇ ನೋಡುತ್ತಿದ್ದರು. ಅಮ್ಮಂದಿರು ಬಡಕೊಂಡರೂ ಎಂಜಲಿನ ಮಾತಿಗೆ ಕಿವಿಗೊಡದವರೆಲ್ಲ ಈಗ ಎತ್ತಿಯೇ ಕುಡಿಯುತ್ತಾರೆ, ಫ್ರೆಂಚ್ ಪದ್ಧತಿಯಂತೆ! ಕಲಿಸಿಕೊಡಲು ಶನಿವಾರ ಶನಿವಾರ ಅತ್ತೆಗೆ ಕರೆ ಬರುತ್ತದೆ. ನಾನೂ ಹೋಗುತ್ತೇನೆ, ಕಾರು ಓಡಿಸಲು.